ಮೂರನೆಯ ಪ್ರಾರ್ಥನಾ ವಿಷಯ

ನಮ್ಮ ಕ್ರೈಸ್ತ ಸಭೆಯ ವಾರದ ವರದಿ ಫೋನಿನಲ್ಲೇ ತುಂಬುವಂಥದ್ದು. ಅದರಲ್ಲಿ ಪ್ರಾರ್ಥನಾ ವಿಷಯಗಳಿಗೆಂದು ಮೂರು ಖಾನೆಗಳಿವೆ. ಎರಡು ತುಂಬಿ ಮೂರನೆಯದನ್ನು ಖಾಲಿ ಬಿಟ್ಟರೆ ಅದರ ಸುತ್ತ ಕೆಂಪು ಗೆರೆ ಮೂಡುತ್ತದೆ, ವರದಿ ಮುಂದಕ್ಕೆ ಹೋಗುವುದಿಲ್ಲ. ಆ ಕೆಂಪು ಗೆರೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಗೆರೆಯ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು, ಖಾನೆ ತುಂಬಿದ ಬೆರಳು ನನ್ನದೇ.

ಬಂಗಾಳದ ಈ ನಗರದಲ್ಲಿ, ಲೇಕ್ ಗಾರ್ಡನ್ಸ್‌ನ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಭೆ. ಬಂಗಾಳಿಗಳು, ತಮಿಳರು, ಮಲಯಾಳಿಗಳು, ಜೊತೆಗೆ ನಾವು ಮೂರ್ನಾಲ್ಕು ಕನ್ನಡದ ಮನೆಗಳವರು ಅಲ್ಲಿ ಸೇರುತ್ತೇವೆ. ಆರಾಧನೆ ನಡೆಯುವ ಹಾಲಿನ ಹಿಂದೆ ಒಂದು ಉದ್ದನೆಯ ಕೋಣೆಯಿದೆ. ಅಲ್ಲಿ ಹಳ್ಳಿಗಳಿಂದ ಬಂದ ಹೆಂಗಸರಿಗೆ ಸುವಾರ್ತಾ ಸೇವೆಯ ತರಬೇತಿ. ಎಲ್ಲಿಂದಲೋ ಯಾರನ್ನೋ ಕಳಿಸುವುದರ ಬದಲು ಆಯಾ ಊರಿನವರನ್ನೇ ತಯಾರು ಮಾಡಿ ಅವರವರ ಊರಿಗೆ ಕಳಿಸಬೇಕು ಎನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಮೂರು ತಿಂಗಳ ತರಬೇತಿ. ಎರಡು ವಾರ ಇಲ್ಲಿ ಪಾಠ, ಒಂದು ವಾರ ಊರಿನಲ್ಲಿ ಅಭ್ಯಾಸ, ಮತ್ತೆ ಪಾಠ. ಸ್ತ್ರೀಯರ ಕೂಟದ ಒಂದೊಂದು ಮನೆಗೆ ಒಬ್ಬೊಬ್ಬಳನ್ನು ಒಪ್ಪಿಸುತ್ತಾರೆ. ಅವಳಿಗೆ ಮಧ್ಯಾಹ್ನದ ಊಟ ಹಾಕುವುದು, ಅವಳ ಜೊತೆ ಪ್ರಾರ್ಥಿಸುವುದು, ಅವಳು ಬಂಗಾಳಿಯಲ್ಲಿ ಹೇಳಿದ್ದನ್ನು ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ತುಂಬಿ ಕಳಿಸುವುದು ಆ ಮನೆಯ ಹೆಂಗಸಿನ ಕೆಲಸ.

ನನ್ನ ಪಾಲಿಗೆ ಬಂದವಳು ಸುಂದರಬನದ ಕಡೆಯ ಒಂದು ದ್ವೀಪದವಳು. ವಯಸ್ಸು ಮೂವತ್ತರ ಆಸುಪಾಸು. ಗಂಡ ದಕ್ಷಿಣದಲ್ಲೆಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಬಾಲಿಗಂಜ್‌ನಲ್ಲಿ ಕ್ಯಾನಿಂಗ್ ಲೋಕಲ್ ರೈಲು ಹಿಡಿದು, ಇಳಿದು, ಆಟೊ ಹತ್ತಿ, ಆಮೇಲೆ ದೋಣಿ ಏರಿದರೆ ಅವಳ ಊರು. ನನ್ನನ್ನು ಮೊದಲ ದಿನದಿಂದಲೇ ಕಾಕಿಮಾ ಎಂದಳು. ನಮ್ಮ ಧಾರವಾಡದ ಕಡೆ ಚಿಕ್ಕಮ್ಮನಿಗೆ ಅನ್ನುವ ಕಾಕುವಿಗೆ ಇದು ಎಷ್ಟು ಹತ್ತಿರ ಎಂದು ನನಗೆ ಖುಷಿಯಾಗಿ, ಎಲ್ಲೆಲ್ಲೋ ಹುಡುಕಿ ತಂದಿಟ್ಟ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು ಹಾಕಿದೆ. ಲೇಕ್ ಮಾರ್ಕೆಟ್ಟಿನಲ್ಲಿ ಇಡ್ಲಿ, ದೋಸೆಯದೆಲ್ಲ ಸಿಗುತ್ತದೆ, ಜೋಳದ ಹಿಟ್ಟೊಂದು ಕೇಳಬೇಡಿ. ಅವಳು ಒಂದು ತುಣುಕು ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಕಾಕಿಮಾ, ಇದನ್ನ ನಿಮ್ಮ ಕಡೆ ಕಾಯಿಲೆಯವರಿಗೆ ಕೊಡ್ತಾರಾ?"

ನನ್ನ ಗಂಡ ಅಂದು ನಕ್ಕದ್ದನ್ನು ಇನ್ನೂ ನಿಲ್ಲಿಸಿಲ್ಲ. ಮರುದಿನದಿಂದ ಅವಳಿಗೆ ಅನ್ನ, ಮೀನು.

ಪಾಠದಲ್ಲಿ ಅವಳು ಹಿಂದೆ. ಬೈಬಲಿನ ಒಂದು ವಚನ ತೆಗೆದುಕೊಂಡು, ಮೂರು ಭಾಗ ಮಾಡಿ, ನಿಂತು ಹತ್ತು ನಿಮಿಷ ಮಾತಾಡಬೇಕು. ನಾನು ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಎರಡು ವಾಕ್ಯ ಹೇಳಿದಳು, ತುಟಿ ಒಣಗಿತು, ಸೆರಗಿನ ಅಂಚು ತಿರುವುತ್ತ ನಿಂತುಬಿಟ್ಟಳು. ಪಾಠ ಹೇಳುವವರು "ಭಾಗ ಎರಡು ಎಲ್ಲಿ?" ಎಂದು ಕೇಳಿದರು. ಭಾಗ ಒಂದೇ ಮುಗಿದಿರಲಿಲ್ಲ. ಅದೇ ಹುಡುಗಿ ನಮ್ಮ ಅಡುಗೆಮನೆಯಲ್ಲಿ ಕೂತರೆ ಊರಿನ ಒಂದೊಂದು ಮನೆಯ ಸಂಕಟವನ್ನು ಯಾವ ಭಾಗವೂ ಇಲ್ಲದೆ, ಮೀನಿನ ಮುಳ್ಳು ಬಿಡಿಸಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಇದಕ್ಕೆ ಅಂಕ ಕೊಡುವವರು ಯಾರೂ ಇರಲಿಲ್ಲ.

ಊರಿನಲ್ಲಿ ಅವಳನ್ನು ಕೂರಿಸಿಕೊಳ್ಳುವ ಮನೆ ಒಂದೇ. ಶಾಲೆಯ ಮಾಸ್ತರರ ಮನೆ. ಅವರು ನಮ್ಮ ವಿಶ್ವಾಸದವರಲ್ಲ. ಆದರೂ ಮಾಸ್ತರರ ಹೆಂಡತಿ ಗುರುವಾರ ಮಧ್ಯಾಹ್ನ ತಮ್ಮ ಜಗಲಿಯಲ್ಲಿ ಚಾಪೆ ಹಾಸಿಕೊಡುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಬಂದು ಕೂರುತ್ತಿದ್ದರು. ಇವಳು ಅವರಿಗೆ ಬಂದ ಕಾಗದ ಓದಿ ಹೇಳುವಳು, ಮಾತ್ರೆಯ ಪಟ್ಟಿ ನೋಡಿ ಯಾವುದು ಯಾವ ಹೊತ್ತಿಗೆ ಎಂದು ತಿಳಿಸುವಳು, ಒಂದು ಹಾಡು ಹಾಡುವಳು. ಯಾರಾದರೂ ಕೇಳಿದರೆ ಪ್ರಾರ್ಥನೆ. ಕೇಳದಿದ್ದರೆ ಇಲ್ಲ. ಆ ಜಗಲಿ ಒಂದು ಹೋದರೆ ಅವಳಿಗೆ ಆ ಊರಿನಲ್ಲಿ ಕೂರಲು ಜಾಗವಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಈಳಿಗೆ ಕಾಲಡಿ ಒತ್ತಿಕೊಂಡು ಮೀನು ಹೆಚ್ಚುತ್ತಿದ್ದವಳು ತಲೆ ಎತ್ತದೆ ಕೇಳಿದಳು.

"ಕಾಕಿಮಾ, ಎದೆಯಲ್ಲಿ ಗಂಟು ಬಂದ್ರೆ ಇಲ್ಲಿ ಯಾವ ಔಟ್‌ಡೋರಿಗೆ ತೋರಿಸ್ಬೇಕು?"

ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಇಲ್ಲಿ ಎಲ್ಲರೂ ಔಟ್‌ಡೋರ್ ಎನ್ನುತ್ತಾರೆ. ನಾನು ಒಲೆ ಸಣ್ಣ ಮಾಡಿ ಅವಳ ಮುಂದೆ ಕೂತೆ.

"ಯಾರಿಗೆ? ನಿನಗಾ?"

"ನನಗಲ್ಲ. ಮಾಸ್ತರರ ಹೆಂಡತಿಗೆ. ಗಂಡನಿಗೆ ಹೇಳಿಲ್ಲ, ಅತ್ತೆಗೆ ಹೇಳಿಲ್ಲ. ಹೋದ ಸಲ ಊರಿಗೆ ಹೋದಾಗ, ಗುರುವಾರ ಎಲ್ಲರೂ ಎದ್ದು ಹೋದ ಮೇಲೆ ನನ್ನ ಕೈ ತಗೊಂಡು ಇಲ್ಲಿ ಇಟ್ಟುಕೊಂಡಳು, ನೋಡು ಅಂತ. ಕಡಲೆಕಾಯಿಯಷ್ಟಿದೆ, ಕಾಕಿಮಾ."

ಮಗಳಿಗೆ ಬಟ್ಟೆ ಕೊಳ್ಳುವ ನೆಪ ಹೇಳಿ ಗರಿಯಾಹಾಟಿಗೆಂದು ಇಬ್ಬರೂ ಹೊರಡುವುದು, ಆಸ್ಪತ್ರೆಗೆ ತೋರಿಸಿ ಅದೇ ದಿನ ಮರಳುವುದು ಎಂದು ಮಾತಾಗಿತ್ತು. ಇವಳು ಜೊತೆಗಿದ್ದರೆ ಮಾತ್ರ ಬರುತ್ತೇನೆ ಎಂದಿದ್ದಳಂತೆ ಆಕೆ. ನಾನು ಕೆಳಗಿನ ಮನೆಯ ನರ್ಸಮ್ಮನನ್ನು ವಿಚಾರಿಸಿ ಯಾವ ವಿಭಾಗ, ಯಾವ ವಾರ, ಚೀಟಿಗೆ ಎಷ್ಟು ಹೊತ್ತಿಗೆ ಲೈನು ಎಲ್ಲ ತಿಳಿದುಕೊಂಡೆ. ಅಷ್ಟಕ್ಕೇ ನಿಂತಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು.

ಶನಿವಾರ ಸಂಜೆ ಕಾರ್ಯದರ್ಶಿಯ ಫೋನ್ ಬಂತು. ಬೆಂಗಳೂರಿನ ಹುಡುಗ, ಸಾಲ್ಟ್ ಲೇಕಿನ ಆಫೀಸಿನಲ್ಲಿ ಕೆಲಸ. ವಾರಪೂರ್ತಿ ದುಡಿದು ತನ್ನ ಶನಿವಾರ, ಭಾನುವಾರವನ್ನು ಸಭೆಗೆ ಕೊಡುತ್ತಾನೆ, ಕೆಟ್ಟವನಲ್ಲ.

"ಆಂಟಿ, ನಿಮ್ದೊಂದೇ ಪೆಂಡಿಂಗು. ಎಲ್ಲರದ್ದೂ ಬಂತು."

"ಕುಕ್ಕರ್ ಇಟ್ಟೀನಪಾ, ಇಳಿಸಿ ತುಂಬತೀನಿ."

"ಸ್ವಲ್ಪ ಸ್ಪೆಸಿಫಿಕ್ ಆಗಿ ಬರೀರಿ ಆಂಟಿ. ಹೋದ ವಾರ 'ಊರಿನವರ ಕ್ಷೇಮಕ್ಕಾಗಿ' ಅಂತ ಬರೆದಿದ್ರಿ. ಪ್ರೇಯರ್ ಪಾರ್ಟ್‌ನರ್ಸು ಕೇಳ್ತಾರೆ, ಯಾರ ಕ್ಷೇಮ, ಏನ್ ಕ್ಷೇಮ ಅಂತ."

ಮೊದಲ ಖಾನೆಯಲ್ಲಿ ಊರಿನ ಮುರಿದ ಒಡ್ಡು ಬರೆದೆ. ಎರಡನೆಯದರಲ್ಲಿ ಅವಳ ಗಂಡನ ಪ್ರಯಾಣ. ಮೂರನೆಯದಕ್ಕೆ ಏನೂ ಹೊಳೆಯಲಿಲ್ಲ. ಒತ್ತಿ ನೋಡಿದೆ, ಕೆಂಪು ಗೆರೆ. ಮತ್ತೆ ಒತ್ತಿದೆ, ಮತ್ತೆ ಕೆಂಪು. ಆಗ ಆ ಊರಿನ ಹೆಸರು ಬರೆದು, ಶಾಲಾ ಮಾಸ್ತರರ ಹೆಂಡತಿ, ಎದೆಯಲ್ಲಿ ಗಂಟು, ಮನೆಯವರಿಗೆ ತಿಳಿಸಿಲ್ಲ, ಸ್ವಸ್ಥತೆಗಾಗಿ ಎಂದು ತುಂಬಿದೆ. ಮನೆಯವರಿಗೆ ತಿಳಿಸಿಲ್ಲ ಎಂಬುದನ್ನೂ ನಾನೇ ಬರೆದೆ, ಪ್ರಾರ್ಥಿಸುವವರು ಹುಷಾರಾಗಿರಲಿ ಎಂದು! ವರದಿ ಹೋಯಿತು. ಹೋದದ್ದು ಕಾರ್ಯದರ್ಶಿಗೆ, ಅವನಿಂದ ಪ್ರಾರ್ಥನೆಯ ಗುಂಪಿಗೆ. ನಮ್ಮೂರ ಕಡೆಯ ಸಭೆಯ ಹೆಂಗಸರಿಂದ ಹಿಡಿದು ದ್ವೀಪಗಳ ಸಭಾಪಾಲಕರ ಹೆಂಡಂದಿರವರೆಗೆ ಎಲ್ಲರೂ ಇರುವ ಗುಂಪು ಅದು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಈ ವಾರ ಸರಿಯಾಗಿ ಬರೆದೆ ಎಂದು ನನಗೆ ಸಮಾಧಾನವೂ ಆಯಿತು. ಇದನ್ನು ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ಹೌದು.

ಅವಳು ಅಭ್ಯಾಸದ ವಾರಕ್ಕೆ ಊರಿಗೆ ಹೋಗಿದ್ದಳು. ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದಳು.

"ಕಾಕಿಮಾ, ನೀವು ಯಾರಿಗಾದ್ರೂ ಹೇಳಿದ್ರಾ?"

ಏನನ್ನು ಎಂದು ನಾನು ಕೇಳಲಿಲ್ಲ. ಗೊತ್ತಾಯಿತು.

"ಪ್ರಾರ್ಥನೆಗೆ ಕೊಟ್ಟೆ," ಎಂದೆ.

ಅವಳು ಹೇಳಿದ್ದು ಇಷ್ಟು. ಪಕ್ಕದ ದ್ವೀಪದ ಸಭಾಪಾಲಕರ ಹೆಂಡತಿ ಗುಂಪಿನಲ್ಲಿ ಓದಿದ್ದಾರೆ. ಮನಸ್ಸು ತಡೆಯಲಿಲ್ಲವಂತೆ. ಇನ್ನಿಬ್ಬರನ್ನು ಕರೆದುಕೊಂಡು, ಅಭಿಷೇಕದ ಎಣ್ಣೆಯ ಸೀಸೆ ಹಿಡಿದು, ದೋಣಿ ಹತ್ತಿ, ಮೊಣಕಾಲುದ್ದದ ಕೆಸರು ತುಳಿದು ಬಂದಿದ್ದಾರೆ. ಹಗಲು ಹನ್ನೆರಡರ ಹೊತ್ತಿಗೆ ಮಾಸ್ತರರ ಅಂಗಳದಲ್ಲಿ ನಿಂತು, ಭತ್ತ ಹರವುತ್ತಿದ್ದ ಅತ್ತೆಗೆ, ತಾಯೀ, ನಿಮ್ಮ ಸೊಸೆಯ ಎದೆಯ ಗಂಟಿಗೆ ಪ್ರಾರ್ಥಿಸಲು ಬಂದಿದ್ದೇವೆ ಎಂದಿದ್ದಾರೆ. ಬೇರೆ ಯಾರೂ ಮಾಡದ ತಪ್ಪು. ನಮ್ಮವರು ಮಾತ್ರ ಇಷ್ಟು ಕಷ್ಟಪಟ್ಟು, ಇಷ್ಟು ಪ್ರೀತಿಯಿಂದ, ಕೆಸರಿನಲ್ಲಿ ನಡೆದು ಬಂದು ಇಂಥ ತಪ್ಪು ಮಾಡಬಲ್ಲರು. ಅವರನ್ನು ಬೈಯಲೂ ನನಗೆ ಬಾಯಿಲ್ಲ.

ಅತ್ತೆ ಕೂಗಾಡಿದ್ದು ಕೇಳಿ ಶಾಲೆಯಿಂದ ಮಾಸ್ತರರು ಓಡಿ ಬಂದಿದ್ದಾರೆ. ಹೆಂಡತಿಯ ಮೈಯ ಸುದ್ದಿ ತನಗಿಂತ ಮೊದಲು ಮೂರು ಊರಿಗೆ ಗೊತ್ತು. ಚಾಪೆ ಸುತ್ತಿ ಒಳಗಿಟ್ಟು, ಇನ್ನು ಈ ಜಗಲಿ ಹತ್ತಬೇಡ ಎಂದಿದ್ದಾರೆ ಇವಳಿಗೆ. ಹೆಂಡತಿ ಒಳಗಿನಿಂದ, ನಾನೆಲ್ಲಿಗೂ ಬರುವುದಿಲ್ಲ, ಆಸ್ಪತ್ರೆಯೂ ಬೇಡ ಎಂದಿದ್ದಾಳೆ.

"ಪ್ರಾರ್ಥನೆಗೆ ಅಂತ ಕೊಟ್ಟೆನಮ್ಮಾ," ಎಂದು ನಾನು ಮತ್ತೆ ಅದನ್ನೇ ಹೇಳಿದೆ.

"ನಾನು ನಿಮಗೆ ಹೇಳಿದ್ದು ಔಟ್‌ಡೋರ್ ವಿಚಾರಿಸೋಕೆ, ಕಾಕಿಮಾ."

ಫೋನ್ ಇಟ್ಟಳು. ಅನ್ನ ತಳ ಹತ್ತಿದ ವಾಸನೆಗೆ ನನ್ನ ಗಂಡ ಅಡುಗೆಮನೆಗೆ ಬಂದರು. ಎಲ್ಲ ಕೇಳಿಕೊಂಡರು.

"ಅಲ್ಲ, ಬರೀಬ್ಯಾಡ ಅಂತ ನಿನಗ ಅನಸಲಿಲ್ಲೇನು?"

"ಮೂರು ಬರೀಲಿಕ್ಕೇಬೇಕು ಅಂತದ ರೀ ಅದು. ಬರೀದಿದ್ರ ಮುಂದ ಹೋಗೂದಿಲ್ಲ."

"ಹಂಗಾರ ನನ್ನ ಮೂಲವ್ಯಾಧಿ ಬರೀಬೇಕಿತ್ತು. ಧಾರವಾಡತನಕ ಎಲ್ಲಾರಿಗೂ ಗೊತ್ತೈತಿ ಅದು."

ನನಗೆ ನಗು ಬರಲಿಲ್ಲ. ಅವರೂ ಹೇಳಿದ ಮೇಲೆ ಪೆಚ್ಚಾಗಿ, ತಳ ಹತ್ತಿದ ಪಾತ್ರೆಯನ್ನು ತಾವೇ ತಿಕ್ಕಲು ಕೂತರು. ಮದುವೆಯಾದಾಗಿನಿಂದ ಅವರು ಪಾತ್ರೆ ತಿಕ್ಕಿದ್ದು ಬೆರಳೆಣಿಕೆಯಷ್ಟು ಸಲ. ಅದೂ ಕರ್ತನ ಕೃಪೆಯೇ ಎಂದುಕೊಂಡೆ. ಆ ದಿನ ಎಣಿಸಿಕೊಳ್ಳಲು ಬೇರೇನೂ ಸಿಗಲಿಲ್ಲ.

ಭಾನುವಾರ ಆರಾಧನೆಯ ನಂತರ ಕಮಿಟಿಯವರು ಕೂತರು. ಸಭಾಪಾಲಕರು, ಇಬ್ಬರು ಹಿರಿಯರು, ಕಾರ್ಯದರ್ಶಿ, ನಾನು. ತಪ್ಪು ನನ್ನದು ಎಂದು ನಾನೇ ಮೊದಲು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಸಭಾಪಾಲಕರು, "ಇಂಥ ಶೋಧನೆಗಳು, ಪರೀಕ್ಷೆಗಳು ಬರುತ್ತವೆ ಸಹೋದರಿ," ಎಂದರು. ಹಿರಿಯರೊಬ್ಬರು, ಒಂದು ಬಾಗಿಲು ಮುಚ್ಚಿದರೆ ದೇವರು ಬೇರೆ ಮನೆ ತೋರಿಸುತ್ತಾನೆ ಎಂದರು. ಬೇರೆ ಮನೆ ಇರಬಹುದು. ಆ ಹೆಂಗಸಿಗೆ ಬೇರೆ ಎದೆ ಇದೆಯೇ ಎಂದು ಕೇಳಬೇಕೆನಿಸಿತು. ಕೊನೆಗೆ ಕಾರ್ಯದರ್ಶಿ ಫೋನು ತೆಗೆದ.

"ಆಂಟಿ, ಆ ಮೆಸೇಜ್ ಡಿಲೀಟ್ ಮಾಡಿದೀನಿ. ಈ ವಾರದ್ದಕ್ಕೆ ಹೀಗೆ ಹಾಕೋಣ್ವಾ? ಮಾಸ್ತರರ ಕುಟುಂಬದಲ್ಲಿ ಸಮಾಧಾನಕ್ಕಾಗಿ, ಮುಚ್ಚಿದ ಬಾಗಿಲು ತೆರೆಯೋದಕ್ಕಾಗಿ."

"ಅಯ್ಯ ತಮ್ಮಾ! ಮತ್ತ ಅದನ್ನ ಬರೀತಿ ಏನು?"

"ಹೆಸರು ಹಾಕಲ್ಲ ಆಂಟಿ, ಬರೀ ಊರು."

"ಆ ಊರಾಗ ಮಾಸ್ತರು ಅಂತ ಇರೋರ ಒಬ್ಬರು!"

ನನ್ನ ದನಿ ಏರಿತ್ತು. ಹಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದವರು ತಿರುಗಿ ನೋಡಿದರು. ಕಾರ್ಯದರ್ಶಿಯ ಮುಖ ಕೆಂಪಾಯಿತು. ಅವನು ಮಾಡಿದ್ದು ನಾನು ಮಾಡಿದ್ದಕ್ಕಿಂತ ಹೆಚ್ಚಿನದೇನಲ್ಲ. ಪ್ರಾರ್ಥನೆ ಎಂಬ ಮಾತು ಬಂದರೆ ನಮಗೆ ಯಾರ ಮನೆಯ ಒಳಕೋಣೆಗೂ ಬಾಗಿಲು ಬಡಿಯದೆ ಹೋಗಬಹುದು ಎನಿಸಿಬಿಡುತ್ತದೆ. ಅದು ಎಷ್ಟು ವರ್ಷದ ಅಭ್ಯಾಸವೋ.

ಸೋಮವಾರ ಅವಳು ಪಾಠಕ್ಕೆ ಬಂದಳು, ಊಟಕ್ಕೆ ನಮ್ಮ ಮನೆಗೆ ಬರಲಿಲ್ಲ. ನಾನೇ ಡಬ್ಬಿ ಕಟ್ಟಿಕೊಂಡು ಹೋದೆ. ಉದ್ದನೆಯ ಕೋಣೆಯ ಮೂಲೆಯಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದಳು. ಡಬ್ಬಿ ಮುಂದಿಟ್ಟು, ಕ್ಷಮಿಸು ಎಂದೆ. ಅವಳು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಕ್ಷಮೆ ಆಮೇಲೆ ನೋಡೋಣ, ಕಾಕಿಮಾ. ಮೊದಲು ಅವಳು ಬರ್ಬೇಕು ಆಸ್ಪತ್ರೆಗೆ."

ಅಂದಿನಿಂದ ಅವಳು ವರದಿಗೆ ಒಂದು ಮಾತೂ ಕೊಡಲಿಲ್ಲ. ನಾನೂ ಕೇಳಲಿಲ್ಲ. ಖಾನೆ ಖಾಲಿ, ವರದಿ ಇಲ್ಲ. ಎರಡು ವಾರ ಹೀಗಾದ ಮೇಲೆ ಕಮಿಟಿಯವರು ಅವಳನ್ನು ಕರೆದು, ವರದಿಯಿಲ್ಲದೆ ತರಬೇತಿ ಪೂರ್ಣವಾಗುವುದಿಲ್ಲ, ಪೂರ್ಣವಾಗದಿದ್ದರೆ ಸಭೆಯ ಪರವಾಗಿ ನಿನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಸೇವೆಗೆ ಕಳಿಸಲಾಗುವುದಿಲ್ಲ ಎಂದರು. ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಭಾಷಣಕ್ಕೆ ನಿಂತರೆ ತುಟಿ ಒಣಗುತ್ತಿದ್ದವಳು ಅಂದು ನೆಟ್ಟಗೆ ಹೇಳಿದಳು.

"ಎಲ್ಲಿಗೆ ಕಳಿಸೋದು ದಾದಾ? ಅದು ನನ್ನ ಊರು."

ಆಯಾ ಊರಿನವರನ್ನೇ ತಯಾರು ಮಾಡುತ್ತೇವೆ ಎಂದು ಗೋಡೆಯ ಮೇಲೆ ಬರೆಸಿಕೊಂಡ ನಮಗೆ ಆ ಮಾತು ಹೊಸದಾಗಿ ಕೇಳಿತು. ಆ ವಾರವೇ ಅವಳು ಚೀಲ ಕಟ್ಟಿಕೊಂಡು ಹೊರಟಳು. ಬಾಲಿಗಂಜ್‌ವರೆಗೆ ನಾನು ಜೊತೆಗೆ ಹೋದೆ. ಹೋಗಬೇಡ ಎನ್ನಲೂ ಇಲ್ಲ, ಬರಬೇಡಿ ಎಂದು ಅವಳು ಹೇಳಲೂ ಇಲ್ಲ. ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು, ದೇವರಿಗೆ ಸ್ತೋತ್ರ.

ಆಮೇಲೆ ಒಂದೂವರೆ ತಿಂಗಳು ಸುದ್ದಿಯಿಲ್ಲ. ನನ್ನ ಸಿಟ್ಟು ದಿನಕ್ಕೊಬ್ಬರ ಮೇಲೆ ತಿರುಗುತ್ತಿತ್ತು. ಒಂದು ದಿನ ಕಮಿಟಿ, ಒಂದು ದಿನ ಎಣ್ಣೆ ಸೀಸೆಯ ಹೆಂಗಸರು, ಒಂದು ದಿನ ತನ್ನ ಗಂಟನ್ನು ಗಂಡನಿಗೇ ಹೇಳದ ಆ ಮಾಸ್ತರರ ಹೆಂಡತಿ. ಕಡಲೆಕಾಯಿಯಷ್ಟಿದ್ದದ್ದು ಈಗ ಎಷ್ಟಾಗಿರಬಹುದು ಎಂಬ ಲೆಕ್ಕ ಮಾತ್ರ ದಿನವೂ ನನ್ನ ತಲೆಯಲ್ಲಿ. ಸ್ನಾನ ಮಾಡುವಾಗ ನನ್ನ ಮೈಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸ್ತ್ರೀಯರ ಕೂಟದಲ್ಲಿ ಯಾರಾದರೂ, ಆ ಹುಡುಗಿ ಏನಾದಳು ಎಂದು ಕೇಳಿದರೆ, ಊರಲ್ಲಿದ್ದಾಳೆ ಎಂದಷ್ಟೇ ಹೇಳಿ ಬಟ್ಟಲು ತೊಳೆಯಲು ಎದ್ದುಬಿಡುತ್ತಿದ್ದೆ.

ಒಂದು ಶನಿವಾರ ಫೋನ್ ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ.

"ಕಾಕಿಮಾ, ಸೋಮವಾರ ಬರ್ತೀವಿ. ಮೊದಲ ದೋಣಿ ಹಿಡಿದ್ರೂ ನಾವು ಮುಟ್ಟೋವಾಗ ಒಂಬತ್ತಾಗುತ್ತೆ, ಅಷ್ಟೊತ್ತಿಗೆ ಲೈನು ರಸ್ತೆಗೆ ಬಂದಿರುತ್ತೆ. ನೀವು ಬೆಳಿಗ್ಗೆ ಆರಕ್ಕೆ ಹೋಗಿ ನಿಲ್ತೀರಾ?"

"ನಿಲ್ತೀನಿ. ಅತ್ತೆ ಒಪ್ಪಿದಳಾ? ಮಾಸ್ತರರು..."

"ಏನೂ ಕೇಳ್ಬೇಡಿ. ನಿಂತ್ರೆ ಸಾಕು."

ಸೋಮವಾರ ಐದೂಮುಕ್ಕಾಲಿಗೆ ನಾನು ಔಟ್‌ಡೋರಿನ ಚೀಟಿಯ ಲೈನಿನಲ್ಲಿದ್ದೆ. ನನಗಿಂತ ಮುಂದೆ ಆಗಲೇ ಹತ್ತಿಪ್ಪತ್ತು ಹೆಂಗಸರು. ಕೆಲವರು ಇಟ್ಟಿಗೆ, ನೀರಿನ ಬಾಟಲಿ ಇಟ್ಟು ಜಾಗ ಹಿಡಿದು ಚಹಾಕ್ಕೆ ಹೋಗಿದ್ದರು. ನೆರಳಿತ್ತು, ಗುಡಿಸುವಾಕೆ ಕೂರಲು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟಳು, ಎರಡಕ್ಕೂ ಸ್ತೋತ್ರ ಹೇಳಿಕೊಂಡೆ. ಹಿಂದೆ ನಿಂತವಳು, ನಿಮಗೇನು ತೊಂದರೆ ಎಂದು ಕೇಳಿದಳು. ನನಗಲ್ಲ, ಬೇರೆಯವರಿಗೆ ಎಂದೆ. ಯಾರಿಗೆ, ಏನಾಗಿದೆ? ನನ್ನ ನಾಲಿಗೆ ತುದಿಗೆ ಎಲ್ಲ ಬಂದಿತ್ತು. ದ್ವೀಪ, ಮಾಸ್ತರರು, ಗಂಟು, ಎಲ್ಲ. ಮರುಕದಿಂದಲೇ ಕೇಳುತ್ತಿದ್ದಳು, ತಾನೂ ಕಾಳಿಗೆ ಹರಕೆ ಹೊರುತ್ತೇನೆ ಎಂದಳು. ನಾನು ಚೀಲದಿಂದ ಬಿಸ್ಕತ್ತು ತೆಗೆದು ಅವಳಿಗೆ ಕೊಟ್ಟು ನನ್ನ ಬಾಯಿಗೂ ಒಂದು ತುರುಕಿಕೊಂಡೆ.

ಒಂಬತ್ತು ದಾಟಿದ ಮೇಲೆ ಗೇಟಿನಲ್ಲಿ ಅವಳು ಕಂಡಳು. ಅವಳ ಹಿಂದೆ ತಲೆಗೆ ಸೆರಗು ಹೊದ್ದ ಒಬ್ಬ ತೆಳ್ಳನೆಯ ಹೆಂಗಸು. ಆಕೆಯ ಹಿಂದೆ ಕೊಡೆ ಹಿಡಿದ ಒಬ್ಬ ಗಂಡಸು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಮಾಸ್ತರರೇ ಬಂದಿದ್ದರು. ನನ್ನ ಮುಂದೆ ಆಗ ನಾಲ್ಕೇ ಜನ. ಆ ಹೆಂಗಸನ್ನು ನನ್ನ ಜಾಗಕ್ಕೆ ಎಳೆದು ನಿಲ್ಲಿಸಿದ್ದೇ ತಡ, ಹಿಂದಿನಿಂದ ಗಲಾಟೆ ಎದ್ದಿತು.

"ಏ ದೀದಿ! ಒಬ್ಬರು ನಿಂತು ಮೂರು ಜನ ತೂರೋದಾ? ನಾವೇನು ಇಲ್ಲಿ ಹುಲ್ಲು ಕೀಳೋಕೆ ಬಂದಿದೀವಾ?"

"ನಾನು ಹೊರಗೆ! ನಾನು ಹೋಗ್ತೀನಿ! ಒಂದಕ್ಕೆ ಒಂದು!" ಎಂದು ನನ್ನ ಹರಕು ಬಂಗಾಳಿಯಲ್ಲಿ ಕೂಗಿದೆ. ವಿಭಕ್ತಿ, ಕಾಲ ಏನೇನು ಕೆಡಿಸಿದೆನೋ, ಅರ್ಧ ಲೈನು ನಕ್ಕಿತು. ಬಿಸ್ಕತ್ತು ತಿಂದವಳು, ಬೆಳಿಗ್ಗೆ ಆರರಿಂದ ನಿಂತಿದ್ದಾರೆ ಪಾಪ, ಬಿಡಿ ಎಂದು ನನ್ನ ಪರ ವಹಿಸಿದಳು.

ಮಾಸ್ತರರು ಕೊಡೆ ಮಡಿಚಿ ಕೇಳಿದರು, "ಇವರು ಯಾರು?"

ಅವಳು ನನ್ನತ್ತ ನೋಡಿದಳು.

"ಲೈನಿನಲ್ಲಿ ನಿಂತಿದ್ದವರು," ಎಂದಳು.

"ಬಹಳ ಉಪಕಾರವಾಯ್ತು ದೀದಿ," ಎಂದು ಅವರು ಕೈಮುಗಿದರು. ಅವರ ಹೆಂಡತಿ ಸೆರಗಿನೊಳಗಿನಿಂದ ನನ್ನನ್ನು ಒಮ್ಮೆ ನೋಡಿದಳು. ನಾನಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು. ನನಗೆ ಏನೇನೋ ಹೇಳಬೇಕಿತ್ತು. ಡಾಕ್ಟರ ಕೋಣೆಯವರೆಗೆ ಹೋಗಬೇಕಿತ್ತು, ಏನೆಂದರು ಎಂದು ಕೇಳಬೇಕಿತ್ತು, ಕೈ ಹಿಡಿದು ಅಲ್ಲೇ ಪ್ರಾರ್ಥಿಸಬೇಕಿತ್ತು.

"ಈಗ ನೀವು ಹೋಗಿ, ಕಾಕಿಮಾ," ಎಂದಳು ನನ್ನವಳು. ದನಿಯಲ್ಲಿ ಕೋಪವಿರಲಿಲ್ಲ. ಹೋಗಲೇಬೇಕು ಎನ್ನುವುದಿತ್ತು.

ಹೋದೆ. ಮನೆ ಮುಟ್ಟುವಾಗ ಕಾಲು ಊದಿದ್ದವು. ಗಂಡ ಬಾಗಿಲಲ್ಲೇ ಕೇಳಿದರು.

"ಏನಂದ್ರು ಡಾಕ್ಟರು?"

"ಗೊತ್ತಿಲ್ಲ."

"ಫೋನ್ ಹಚ್ಚಿ ಕೇಳಬಾರದೇನು?"

"ಕೇಳೂದಿಲ್ಲ."

ಇದಾಗಿ ಬಹಳ ತಿಂಗಳಾಯಿತು. ಅವಳು ಹಬ್ಬಕ್ಕೆ ಫೋನ್ ಮಾಡುತ್ತಾಳೆ, ಮೊಣಕಾಲು ನೋವು ಹೇಗಿದೆ ಎಂದು ನನ್ನದೇ ಕೇಳುತ್ತಾಳೆ. ಆ ವಿಷಯ ಎತ್ತುವುದಿಲ್ಲ. ಗಂಟು ಬರೀ ಗಂಟಾಗಿತ್ತೇ, ಬೇರೇನಾದರೂ ಆಗಿತ್ತೇ, ಜಗಲಿಯಲ್ಲಿ ಮತ್ತೆ ಚಾಪೆ ಹಾಸಿದ್ದಾರೆಯೇ, ಆಕೆ ಇದ್ದಾಳೆಯೇ, ನನಗೆ ತಿಳಿಯದು. ಬೆಳಿಗ್ಗೆ ಮೊಣಕಾಲೂರಿದಾಗ ಆ ಸೆರಗಿನೊಳಗಿನ ಮುಖವನ್ನು ಮಾತ್ರ ದೇವರ ಮುಂದೆ ತರುತ್ತೇನೆ. ಆಕೆಯ ಹೆಸರೂ ಗೊತ್ತಿಲ್ಲದೆ. ಏನಾಯಿತೆಂದು ದೇವರಿಗೆ ಗೊತ್ತಿದೆ, ಅಷ್ಟು ಸಾಕು ಎಂದು ಹೇಳಿಕೊಂಡು ಏಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಅದು ಇನ್ನೂ ಸಾಕಾಗುತ್ತಿಲ್ಲ.